ಪಾಸ್‌ವರ್ಡ್ ಸರಿ ಇದ್ದರೂ ಬ್ರೌಸರ್ ಮತ್ತೆ ಮತ್ತೆ ಕೇಳುತ್ತಿದೆ, ಆಫೀಸ್ ಸೈಟ್ ತೆರೆಯುತ್ತಿಲ್ಲ

ಕೋಟೆಗುಡ್ಡ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ತೋರಣಗಲ್ಲು ಕಡೆ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಇದ್ದೇನೆ. ಕಂಪನಿ ಹೆಸರು ಬೇಡ. ರಜೆ, ಪೇ ಸ್ಲಿಪ್, ಟೂರ್ ಬಿಲ್ ಎಲ್ಲಾ ನಮ್ಮ ಒಳಗಿನ ಸೈಟ್ ಒಂದರಲ್ಲೇ ಆಗಬೇಕು. ಮೊದಲು ಕ್ಲಿಕ್ ಮಾಡಿದರೆ ಸಾಕು, ಏನೂ ಕೇಳದೆ ತೆರೆಯುತ್ತಿತ್ತು. ಈ ಸೋಮವಾರದಿಂದ ಬ್ರೌಸರ್ ಮೇಲ್ಗಡೆ ಸಣ್ಣ ಡಬ್ಬಿ ಬರುತ್ತಿದೆ, ಸೈನ್ ಇನ್ ಅಂತ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಓಕೆ ಕೊಟ್ಟರೆ ಅದೇ ಡಬ್ಬಿ ಖಾಲಿಯಾಗಿ ವಾಪಸ್ ಬರುತ್ತದೆ. ಕ್ಯಾನ್ಸಲ್ ಕೊಟ್ಟರೆ 401 ಅಂತ ಬಿಳಿ ಪುಟ.

ಅದೇ ಪಾಸ್‌ವರ್ಡ್ ಹಾಕಿ ಬೆಳಗ್ಗೆ ಕಂಪ್ಯೂಟರ್ ತೆರೆದಿದ್ದೇನೆ, ಮೇಲ್ ನೋಡಿದ್ದೇನೆ. ಹಾಗಾದರೆ ಇಲ್ಲಿ ಮಾತ್ರ ತಪ್ಪು ಹೇಗಾಗುತ್ತದೆ? ಕ್ರೋಮ್, ಎಡ್ಜ್ ಎರಡರಲ್ಲೂ ಇದೇ ಕಥೆ. ಪಕ್ಕದ ಟೇಬಲ್‌ನವರಿಗೆ ಸರಾಗವಾಗಿ ತೆರೆಯುತ್ತದೆ, ಅದೇ ಹೊಟ್ಟೆಉರಿ. ತಿಂಗಳ ಕೊನೆ ಬೇರೆ. ಐಟಿಯವರಿಗೆ ದೂರು ಹಾಕಿದರೆ ಕ್ಯಾಶ್ ಕ್ಲಿಯರ್ ಮಾಡಿ ಅಂತ ಒಂದು ಸಾಲು ಬರೆದು ದೂರನ್ನೇ ಮುಚ್ಚಿಬಿಟ್ಟರು.

ಒಗ್ಗರಣೆ ಮಿರ್ಚಿ, ಬಳ್ಳಾರಿ

ಕ್ಯಾಶ್ ಕ್ಲಿಯರ್ ಮಾಡಿ, ರೀಸ್ಟಾರ್ಟ್ ಮಾಡಿ, ಆಗದಿದ್ದರೆ ರಜೆ ಹಾಕಿ. ಓ, ರಜೆ ಹಾಕುವುದೂ ಅದೇ ಸೈಟ್‌ನಲ್ಲಿ ಅಲ್ವಾ.

ಎಡದಂಡೆ ಕಾಲುವೆ, ಸಿಂಧನೂರು

ಮಿರ್ಚಿ ಸುಮ್ನಿರಪ್ಪಾ. ಕೋಟೆಗುಡ್ಡ ಅವರೇ, ಇದಕ್ಕೂ ಕ್ಯಾಶ್‌ಗೂ ಸಂಬಂಧ ಕಮ್ಮಿ. ಮೊದಲು ನೋಡಬೇಕಾದ್ದು ಪಾಸ್‌ವರ್ಡ್ ಸರಿಯೋ ತಪ್ಪೋ ಅನ್ನುವುದನ್ನಲ್ಲ. ಯಾರು ಕೇಳುತ್ತಿದ್ದಾರೆ ಅನ್ನುವುದನ್ನು. ಮೂರು ಜನ ಕೇಳಬಹುದು. ಒಂದು, ಆ ವೆಬ್‌ಸೈಟ್‌ನ ಸರ್ವರ್, ಅದರ ನಂಬರ್ 401. ಎರಡು, ನಿಮಗೂ ಹೊರಗಿನ ಇಂಟರ್ನೆಟ್‌ಗೂ ಮಧ್ಯೆ ಕೂತ ಪ್ರಾಕ್ಸಿ, ಅದರ ನಂಬರ್ 407. ಕ್ರೋಮ್ ಆಗ ಡಬ್ಬಿಯಲ್ಲೇ "ಪ್ರಾಕ್ಸಿ ಕೇಳುತ್ತಿದೆ" ಅಂತ ಬರೆದಿರುತ್ತದೆ, ನಾವು ಯಾರೂ ಅದನ್ನು ಓದುವುದಿಲ್ಲ. ಮೂರು, ವೈಫೈ ಗೇಟ್. ಅದು ಡಬ್ಬಿ ತೋರಿಸುವುದಿಲ್ಲ, ತನ್ನದೇ ಒಂದು ಪುಟ ತಂದು ನಿಲ್ಲಿಸುತ್ತದೆ. ನಿಮ್ಮದು 401 ಅಂದರೆ ಕೇಳುತ್ತಿರುವುದು ಸೈಟ್‌ನ ಸರ್ವರ್ರೇ.

ಈಗ ಒಂದು ಕೆಲಸ ಮಾಡಿ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪುಟ ರಿಫ್ರೆಶ್ ಮಾಡಿ. ಮೊದಲ ಸಾಲು ಕ್ಲಿಕ್ ಮಾಡಿದರೆ ರೆಸ್ಪಾನ್ಸ್ ಹೆಡರ್ಸ್ ಕಾಣುತ್ತವೆ. ಅಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು-ಆಥೆಂಟಿಕೇಟ್ ಅನ್ನುವ ಸಾಲಿನ ಮುಂದೆ ಏನಿದೆ ಹೇಳಿ. ನೆಗೋಷಿಯೇಟ್, ಎನ್‌ಟಿಎಲ್‌ಎಂ, ಬೇಸಿಕ್, ಇವು ಸರ್ವರ್ ಗುರುತು ಕೇಳುವ ಬೇರೆ ಬೇರೆ ರೀತಿಗಳು, ಇವುಗಳಲ್ಲಿ ಯಾವುದಾದರೂ ಇರಬೇಕು. ಒಂದಕ್ಕಿಂತ ಜಾಸ್ತಿಯೂ ಇರಬಹುದು.

ಮೊದಲ 401 ನೋಡಿ ಗಾಬರಿಯಾಗಬೇಡಿ. ಎಲ್ಲ ಸರಿ ಇದ್ದಾಗಲೂ ಅದು ಬಂದೇ ಬರುತ್ತದೆ. ಸರ್ವರ್ ಮೊದಲು "ಯಾರು ನೀನು" ಅಂತ ಕೇಳುವ ರೀತಿ ಅದು. ಬ್ರೌಸರ್ ಗುರುತು ತೋರಿಸಿದ ಮೇಲೂ 401 ಬಂದರೆ ಆಗ ತೊಂದರೆ.

ಇನ್ನೊಂದು ಪ್ರಶ್ನೆ. ಸೋಮವಾರ ಏನು ಬದಲಾಯಿತು? ಏನೂ ಇಲ್ಲ ಅನ್ನಬೇಡಿ, ಏನೋ ಬದಲಾಗಿರುತ್ತದೆ.

ಕೋಟೆಗುಡ್ಡ, ಬಳ್ಳಾರಿ

ಅಣ್ಣಾ, ನೋಡಿದೆ. ನೆಗೋಷಿಯೇಟ್ ಅಂತ ಒಂದು ಸಾಲು, ಎನ್‌ಟಿಎಲ್‌ಎಂ ಅಂತ ಇನ್ನೊಂದು.

ಬದಲಾಗಿದ್ದು ಎರಡು. ಶನಿವಾರ ಪಾಸ್‌ವರ್ಡ್ ಅವಧಿ ಮುಗಿದು ಹೊಸದು ಹಾಕಿದೆ. ಅದೇ ಹೊತ್ತಿಗೆ ಒಂದು ಸರ್ಕ್ಯುಲರ್ ಬಂತು, ಸೈಟ್ ಹೊಸ ಸರ್ವರ್‌ಗೆ ಹೋಗಿದೆ, ಇನ್ನು ಮೇಲೆ ಈ ವಿಳಾಸ ಬಳಸಿ ಅಂತ. ಹಳೆಯದು ಬರೀ ಒಂದು ಪದ ಇತ್ತು, ಅದನ್ನೇ ಟೈಪ್ ಮಾಡಿ ಎಂಟರ್ ಹೊಡೆಯುತ್ತಿದ್ದೆವು. ಹೊಸದು ಉದ್ದ, ಮಧ್ಯೆ ಮಧ್ಯೆ ಡಾಟ್ ಇದೆ. ಪಕ್ಕದವರು ಇನ್ನೂ ಹಳೇ ಬುಕ್‌ಮಾರ್ಕ್‌ನಿಂದಲೇ ಹೋಗುತ್ತಿದ್ದಾರೆ, ಈಗ ಹೊಳೆಯಿತು.

ಎಡದಂಡೆ ಕಾಲುವೆ, ಸಿಂಧನೂರು

ಸಿಕ್ಕಿತು ನೋಡ್ರಿ. ಆ ಡಾಟ್‌ನಲ್ಲೇ ಅರ್ಧ ಉತ್ತರ ಇದೆ.

ವಿಂಡೋಸ್‌ಗೆ ಒಂದು ಹಳೇ ರೂಢಿ. ವಿಳಾಸದಲ್ಲಿ ಡಾಟ್ ಇಲ್ಲದ ಒಂದೇ ಪದ ಇದ್ದರೆ ಇದು ನಮ್ಮ ಆಫೀಸ್ ಒಳಗಿನದು ಅಂತ ನಂಬಿ, ನೀವು ಬೆಳಗ್ಗೆ ಲಾಗಿನ್ ಆದ ಗುರುತನ್ನು ತಾನೇ ತೋರಿಸುತ್ತದೆ. ಡಾಟ್ ಇದ್ದರೆ ಹೊರಗಿನದು ಅಂದುಕೊಳ್ಳುತ್ತದೆ. ಅದೇ ಸರ್ವರ್ ಇರಲಿ, ಅದೇ ಕೋಣೆಯಲ್ಲಿರಲಿ, ಲೆಕ್ಕಕ್ಕಿಲ್ಲ. ಐಪಿ ನಂಬರ್ ಹಾಕಿದರೂ ಹಾಗೇ, ಅದರಲ್ಲೂ ಡಾಟ್ ಇದೆಯಲ್ಲ. ಹೊರಗಿನದು ಅಂದಮೇಲೆ ತಾನಾಗಿ ಗುರುತು ಕೊಡದೆ ನಿಮ್ಮನ್ನು ಕೇಳುತ್ತದೆ. ಡಬ್ಬಿ ಬಂದದ್ದು ಹೀಗೆ. ಕ್ರೋಮ್ ಮತ್ತು ಎಡ್ಜ್ ಎರಡೂ ವಿಂಡೋಸ್‌ನ ಈ ಒಳಗಿನದು-ಹೊರಗಿನದು ಪಟ್ಟಿಯನ್ನೇ ನೋಡುತ್ತವೆ, ಅದಕ್ಕೇ ಬ್ರೌಸರ್ ಬದಲಿಸಿದರೂ ಏನೂ ಬದಲಾಗಲಿಲ್ಲ.

ಸರಿ ಮಾಡುವುದು: ಸ್ಟಾರ್ಟ್‌ನಲ್ಲಿ ಇಂಟರ್ನೆಟ್ ಆಪ್ಶನ್ಸ್ ಅಂತ ಹುಡುಕಿ. ಸೆಕ್ಯುರಿಟಿ ಟ್ಯಾಬ್, ಲೋಕಲ್ ಇಂಟ್ರಾನೆಟ್, ಸೈಟ್ಸ್, ಅಡ್ವಾನ್ಸ್ಡ್. ಅಲ್ಲಿ ಹೊಸ ವಿಳಾಸ ಪೂರ್ತಿ ಸೇರಿಸಿ, ಎಚ್‌ಟಿಟಿಪಿಎಸ್ ಸಮೇತ. ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ. ಆ ಬಟನ್‌ಗಳು ಬೂದು ಬಣ್ಣದಲ್ಲಿ ಸತ್ತ ಹಾಗೆ ಕೂತಿದ್ದರೆ ಕಂಪನಿ ಪಾಲಿಸಿಯಿಂದ ಬೀಗ ಹಾಕಿದ್ದಾರೆ ಅಂತ ಅರ್ಥ. ಆಗ ಐಟಿಯವರೇ ಹಾಕಬೇಕು.

ಇದಿಷ್ಟು ಡಬ್ಬಿ ಯಾಕೆ ಬಂತು ಅನ್ನುವುದಕ್ಕೆ. ಸರಿಯಾದ ಪಾಸ್‌ವರ್ಡ್ ಹಾಕಿದರೂ ಯಾಕೆ ಒಪ್ಪುತ್ತಿಲ್ಲ ಅನ್ನುವುದು ಬೇರೆ ವಿಷಯ. ಅದಕ್ಕೆ ಎರಡು ಅನುಮಾನ. ಯೂಸರ್‌ನೇಮ್ ಒಂದನ್ನೇ ಹಾಕುತ್ತಿದ್ದೀರಾ? ಡೊಮೇನ್ ಹೆಸರು (ಕಂಪನಿಯ ಖಾತೆ, ಕಂಪ್ಯೂಟರ್‌ಗಳನ್ನೆಲ್ಲ ಸೇರಿಸಿಟ್ಟ ಗುಂಪಿನ ಹೆಸರು), ಬ್ಯಾಕ್‌ಸ್ಲ್ಯಾಶ್, ಆಮೇಲೆ ಯೂಸರ್‌ನೇಮ್ ಹಾಕಿ ನೋಡಿ. ಬ್ಯಾಕ್‌ಸ್ಲ್ಯಾಶ್ ಅಂದರೆ ಎಂಟರ್ ಹತ್ತಿರ ಇರುವ ಎಡಕ್ಕೆ ವಾಲಿದ ಗೆರೆ. ಪ್ರಶ್ನಾರ್ಥಕ ಚಿಹ್ನೆ ಜೊತೆಗಿರುವುದಲ್ಲ. ಅರ್ಧ ಜನ ಇಲ್ಲೇ ಎಡವುತ್ತಾರೆ.

ಎರಡನೆಯದು, ಹಳೇ ಪಾಸ್‌ವರ್ಡ್ ಎಲ್ಲೋ ಬಚ್ಚಿಟ್ಟುಕೊಂಡು ಕೂತಿರಬಹುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ಅಂತ ಇದೆ, ಅದರಲ್ಲಿ ವಿಂಡೋಸ್ ಕ್ರೆಡೆನ್ಶಿಯಲ್ಸ್. ಎಂದೋ ಒಂದು ದಿನ "ನೆನಪಿಟ್ಟುಕೋ" ಅಂತ ಟಿಕ್ ಮಾಡಿದ್ದರೆ ಅಲ್ಲಿ ನಿಮ್ಮ ಸರ್ವರ್ ಹೆಸರು ಇರುತ್ತದೆ. ಇದ್ದರೆ ತೆಗೆದುಹಾಕಿ. ಹಳೇ ಪಾಸ್‌ವರ್ಡ್ ಹಿಂದಿನಿಂದ ಹೋಗಿ ಹೋಗಿ ಖಾತೆಯೇ ಲಾಕ್ ಆಗುವುದೂ ಉಂಟು. ಲಾಕ್ ಆದಮೇಲೆ ಸರಿ ಪಾಸ್‌ವರ್ಡ್ ಹಾಕಿದರೂ ಡಬ್ಬಿ "ಲಾಕ್ ಆಗಿದೆ" ಅಂತ ಬಾಯಿ ಬಿಡುವುದಿಲ್ಲ, ಮತ್ತೆ ಖಾಲಿಯಾಗಿ ಬಂದು ನಿಲ್ಲುತ್ತದೆ. ಫೋನಿನಲ್ಲಿ ಆಫೀಸ್ ಮೇಲ್ ಇದ್ದರೆ ಅಲ್ಲೂ ಹೊಸ ಪಾಸ್‌ವರ್ಡ್ ಹಾಕಿದ್ದೀರಾ ನೋಡಿಕೊಳ್ಳಿ. ಲಾಕ್ ಮಾಡಿಸುವುದರಲ್ಲಿ ಫೋನ್‌ಗಳದ್ದೇ ಮೇಲುಗೈ.

ಒಗ್ಗರಣೆ ಮಿರ್ಚಿ, ಬಳ್ಳಾರಿ

ತಮಾಷೆ ಬಿಟ್ಟು ಒಂದು ಹೇಳುತ್ತೇನೆ. ನಾನು ಇರುವ ಆಫೀಸ್‌ನಲ್ಲಿ ಕನ್ನಡ ಟೈಪಿಂಗ್ ದಿನಾ ಬೇಕು, ಎಲ್ಲ ಕಂಪ್ಯೂಟರ್‌ನಲ್ಲೂ ನುಡಿ ಓಡುತ್ತಿರುತ್ತದೆ, ಅದರಲ್ಲಿ ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ ಆನ್. ಸ್ಕ್ರೋಲ್ ಲಾಕ್ ಆನ್ ಇರುವುದನ್ನು ಮರೆತು ಪಾಸ್‌ವರ್ಡ್ ಹಾಕುವವರು ವಾರಕ್ಕೊಬ್ಬರು ಸಿಗುತ್ತಾರೆ. ಪಾಸ್‌ವರ್ಡ್ ಡಬ್ಬಿಯಲ್ಲಿ ಬರೀ ಚುಕ್ಕಿ ಕಾಣುವುದರಿಂದ ಒಳಗೆ ಏನು ಬಿತ್ತು ಅಂತ ಗೊತ್ತೇ ಆಗುವುದಿಲ್ಲ. ಚುಕ್ಕಿ ಎಣಿಸಿ ನೋಡಿ. ಒತ್ತಿದ ಕೀಗಿಂತ ಹೆಚ್ಚೋ ಕಮ್ಮಿಯೋ ಇದ್ದರೆ ನುಡಿ ಆನ್ ಇದೆ ಅಂತಲೇ ಲೆಕ್ಕ. ಅದಕ್ಕಿಂತ ಸುಲಭ, ಯೂಸರ್‌ನೇಮ್ ಜಾಗದಲ್ಲಿ ಒಮ್ಮೆ ಪಾಸ್‌ವರ್ಡ್ ಟೈಪ್ ಮಾಡಿ ಕಣ್ಣಾರೆ ನೋಡಿ ಅಳಿಸಿಬಿಡಿ. ಹಿಂದೆ ಯಾರೂ ನಿಂತಿರಬಾರದು ಅಷ್ಟೇ.

ಎಡದಂಡೆ ಕಾಲುವೆ, ಸಿಂಧನೂರು

ಮಿರ್ಚಿಯ ಬಾಯಿಂದ ಒಳ್ಳೇ ಮಾತು ಬಂತು. ಇದು ಚೆಕ್ ಮಾಡಬೇಕಾದ್ದೇ.

ಬಿಸಿಲೂರು, ರಾಯಚೂರು

ಅಣ್ಣಾ ಮಧ್ಯೆ ಬಂದಿದ್ದಕ್ಕೆ ಬೇಜಾರಾಗಬೇಡಿ, ನನ್ನದು ಸ್ವಲ್ಪ ಬೇರೆ. ಹಾಸ್ಟೆಲ್ ವೈಫೈ. ಸಿಗ್ನಲ್ ಫುಲ್, ಕನೆಕ್ಟೆಡ್ ಅಂತಲೂ ತೋರಿಸುತ್ತದೆ, ಆದರೆ ಲಾಗಿನ್ ಪುಟವೇ ಬರುವುದಿಲ್ಲ. ಗೂಗಲ್ ತೆರೆದರೆ "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಅಂತ ಕೆಂಪು ಪುಟ. ರೂಮ್‌ಮೇಟ್ ಫೋನಿನಲ್ಲಿ ಬರುತ್ತದೆ. ಈ ಸೆಕೆಯಲ್ಲಿ ವೈಫೈಗೋಸ್ಕರ ಟೆರೇಸ್ ಮೇಲೆ ಓಡಾಡುವುದು ಆಗುತ್ತಿಲ್ಲ.

ಎಡದಂಡೆ ಕಾಲುವೆ, ಸಿಂಧನೂರು

ಬೇರೆ ಅಲ್ಲ ತಮ್ಮಾ, ಮೇಲೆ ಹೇಳಿದ ಮೂರನೆಯವ ಇವನೇ. ವೈಫೈ ಗೇಟ್ ಕೆಲಸ ಮಾಡುವ ರೀತಿ ಹೀಗೆ: ನೀನು ಯಾವುದೋ ಸೈಟ್ ಕೇಳುತ್ತೀಯ, ಅದು ಮಧ್ಯೆ ಅಡ್ಡ ನಿಂತು ಆ ಸೈಟ್ ಬದಲು ತನ್ನ ಲಾಗಿನ್ ಪುಟ ಕೊಡುತ್ತದೆ. ಹಳೇ ಎಚ್‌ಟಿಟಿಪಿ ಸೈಟ್ ಆದರೆ ಈ ಆಟ ನಡೆಯುತ್ತದೆ. ಗೂಗಲ್‌ನಂಥ ಎಚ್‌ಟಿಟಿಪಿಎಸ್ ಸೈಟ್‌ನಲ್ಲಿ ಬ್ರೌಸರ್ "ಇವನು ಗೂಗಲ್ ಅಲ್ಲ" ಅಂತ ಕಂಡುಹಿಡಿದು ಕೆಂಪು ಪುಟ ತೋರಿಸುತ್ತದೆ. ಬ್ರೌಸರ್ ಮಾಡಿದ್ದೇ ಸರಿ. ಆ ಕೆಂಪು ಪುಟದಲ್ಲಿ ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಬೇಡ.

ಅದರ ಬದಲು ಬೇಕಂತಲೇ ಎಚ್‌ಟಿಟಿಪಿ ಸೈಟ್ ತೆರೆ. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಒಂದಿದೆ, ಇದೇ ಕೆಲಸಕ್ಕೆ ಇರುವುದು. ಲಾಗಿನ್ ಪುಟ ಅಲ್ಲಿ ಬರಬೇಕು.

ಬರಲಿಲ್ಲವಾ? ಫೋನ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಹುಡುಕು. ಡಿಎನ್‌ಎಸ್ ಅಂದರೆ ಸೈಟ್ ಹೆಸರಿನಿಂದ ಅದರ ಐಪಿ ನಂಬರ್ ಹುಡುಕಿಕೊಡುವ ಸೇವೆ. ಜಾಹೀರಾತು ಬರದಿರಲಿ ಅಂತ ಅಲ್ಲಿ ಯಾವುದೋ ಹೆಸರು ಹಾಕಿಕೊಂಡಿರುವವರು ಜಾಸ್ತಿ. ಲಾಗಿನ್ ಆಗುವ ಮೊದಲು ಗೇಟ್ ಆ ಡಿಎನ್‌ಎಸ್‌ಗೆ ದಾರಿ ಬಿಡುವುದಿಲ್ಲ, ಡಿಎನ್‌ಎಸ್ ಇಲ್ಲದೆ ಲಾಗಿನ್ ಪುಟ ಸಿಗುವುದಿಲ್ಲ, ಎರಡೂ ಒಂದಕ್ಕೊಂದು ಕಾದುಕೊಂಡು ಕೂತಿರುತ್ತವೆ. ಆಟೋಮ್ಯಾಟಿಕ್‌ಗೆ ತಿರುಗಿಸಿ ನೋಡು. ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸು.

ಬಿಸಿಲೂರು, ರಾಯಚೂರು

ಪ್ರೈವೇಟ್ ಡಿಎನ್‌ಎಸ್ಸೇ ಅಣ್ಣಾ! ಜಾಹೀರಾತು ತಡೆಯಲು ಹಾಕಿದ್ದು ಹೌದು. ಈಗ ಪುಟ ಬಂತು. ಇನ್ನೊಂದು, ದಿನಕ್ಕೆ ಒಬ್ಬರಿಗೆ ಎರಡು ಸಾಧನ ಅಂತ ರೂಲ್ ಇದೆ. ನನ್ನದು ಫೋನ್ ಒಂದೇ, ಆದರೂ ಒಮ್ಮೊಮ್ಮೆ ಮಿತಿ ಮುಗಿದಿದೆ ಅನ್ನುತ್ತದೆ.

ಎಡದಂಡೆ ಕಾಲುವೆ, ಸಿಂಧನೂರು

ಆಂಡ್ರಾಯ್ಡ್ 10ರಿಂದ ಈಚೆಗೆ ಫೋನ್ ವೈಫೈಗೆ ತನ್ನ ನಿಜವಾದ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ಇರುವ ಗುರುತಿನ ನಂಬರ್) ಕೊಡದೆ ಸುಳ್ಳು ವಿಳಾಸ ಕೊಡುತ್ತದೆ. ನೆಟ್‌ವರ್ಕ್‌ಗೊಂದು ವಿಳಾಸ. ಗೇಟ್ ನಿನ್ನನ್ನು ಗುರುತಿಸುವುದು ಅದರಿಂದಲೇ. ವಿಳಾಸ ಬದಲಾದರೆ ಅದರ ಲೆಕ್ಕದಲ್ಲಿ ಹೊಸ ಫೋನ್. ಆ ವೈಫೈ ಹೆಸರಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂತ ಇದೆ, ಅಲ್ಲಿ ಫೋನ್‌ನ ಮ್ಯಾಕ್ ಬಳಸು ಅಂತ ಆರಿಸು. ಹಾಸ್ಟೆಲ್‌ಗೆ ಮಾತ್ರ ಹಾಗೆ ಮಾಡು, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ವೈಫೈಗೆ ಬೇಡ.

ಕಿನ್ನಾಳ ಗೊಂಬೆ, ಕೊಪ್ಪಳ

ಕೋಟೆಗುಡ್ಡ ಅವರೇ, ಮೇಲಿನದೆಲ್ಲ ನಿಮ್ಮ ಕಡೆಯಿಂದ ನೋಡಿದ್ದು. ನಾನು ಇಂಥ ಸೈಟ್‌ಗಳನ್ನು ಕಟ್ಟುವ ಕಡೆಯವಳು, ಸರ್ವರ್ ಕಡೆಯದನ್ನು ಹೇಳುತ್ತೇನೆ. "ಹೊಸ ಸರ್ವರ್‌ಗೆ ಹೋಗಿದೆ" ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಎಸ್‌ಪಿಎನ್ ಮೇಲೆ ಅನುಮಾನ ಬರುತ್ತದೆ, ಅದೇನು ಅಂತ ಈಗಲೇ ಹೇಳುತ್ತೇನೆ.

ನೆಗೋಷಿಯೇಟ್ ಅಂದರೆ ಬ್ರೌಸರ್ ಮೊದಲು ಕರ್ಬರೋಸ್ ಪ್ರಯತ್ನ ಮಾಡು, ಆಗದಿದ್ದರೆ ಎನ್‌ಟಿಎಲ್‌ಎಂ ಮಾಡು ಅಂತ. ಎನ್‌ಟಿಎಲ್‌ಎಂ ಹಳೇ ಕಾಲದ್ದು: ಸರ್ವರ್ ಒಂದು ಸವಾಲು ಕೊಡುತ್ತದೆ, ನಿಮ್ಮ ಕಂಪ್ಯೂಟರ್ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ಉತ್ತರ ಕಳಿಸುತ್ತದೆ. ಕರ್ಬರೋಸ್ ಎಂಐಟಿಯಲ್ಲಿ ಹುಟ್ಟಿದ್ದು, ವಿಂಡೋಸ್ 2000ದಿಂದ ಡೊಮೇನ್‌ಗಳಲ್ಲಿ ಅದೇ ಮೊದಲ ಆಯ್ಕೆ. ಅದು ಬಸ್ ಪಾಸ್ ಇದ್ದ ಹಾಗೆ. ಬೆಳಗ್ಗೆ ಲಾಗಿನ್ ಆದಾಗ ಒಂದು ಸಲ ಗುರುತು ತೋರಿಸಿ ಪಾಸ್ ಮಾಡಿಸಿಕೊಳ್ಳುತ್ತೀರಿ, ಆಮೇಲೆ ಯಾವ ಸರ್ವರ್‌ಗೆ ಹೋಗಬೇಕೋ ಅದರ ಹೆಸರಿನಲ್ಲಿ ಟಿಕೆಟ್ ಸಿಗುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದರ ಆಯಸ್ಸು 10 ಗಂಟೆ. ಗಮನಿಸಿ, ಟಿಕೆಟ್ ಸಿಗುವುದು ಹೆಸರಿನ ಮೇಲೆ. ಈ ಹೆಸರಿನ ಸೇವೆ ಯಾವ ಖಾತೆಯದು ಅಂತ ಡೊಮೇನ್‌ನಲ್ಲಿ ಬರೆದಿಟ್ಟದ್ದೇ ಎಸ್‌ಪಿಎನ್.

ಇಲ್ಲಿ ಒಂದು ಸೂಕ್ಷ್ಮ ಇದೆ, ಐಟಿಯವರೂ ಇಲ್ಲಿ ತಡಕಾಡುತ್ತಾರೆ. ಹೊಸ ಹೆಸರಿಗೆ ಎಸ್‌ಪಿಎನ್ ಬರೆದೇ ಇಲ್ಲ ಅಂತಿಟ್ಟುಕೊಳ್ಳಿ. ಆಗ ಟಿಕೆಟ್ ಸಿಗುವುದಿಲ್ಲ, ಬ್ರೌಸರ್ ತೆಪ್ಪಗೆ ಎನ್‌ಟಿಎಲ್‌ಎಂಗೆ ಇಳಿಯುತ್ತದೆ, ಸೈಟ್ ತೆರೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎಸ್‌ಪಿಎನ್ ತಪ್ಪು ಖಾತೆಯ ಮೇಲೆ ಇದ್ದರೆ ಟಿಕೆಟ್ ಸಿಗುತ್ತದೆ, ಅದನ್ನು ಬಿಚ್ಚುವ ಕೀಲಿ ಮಾತ್ರ ಹೊಸ ಸರ್ವರ್ ಹತ್ತಿರ ಇರುವುದಿಲ್ಲ. ಆಗ ಎನ್‌ಟಿಎಲ್‌ಎಂಗೂ ಇಳಿಯುವುದಿಲ್ಲ. ಎಷ್ಟು ಸಲ ಪಾಸ್‌ವರ್ಡ್ ಹಾಕಿದರೂ ಅದೇ ಡಬ್ಬಿ. ಪೂರ್ತಿ ಇಲ್ಲದಿರುವುದಕ್ಕಿಂತ ತಪ್ಪಾಗಿ ಇರುವುದೇ ಇಲ್ಲಿ ಹೆಚ್ಚು ತೊಂದರೆ. ಸರ್ವರ್ ಬದಲಾದಾಗ ಹೆಸರು ಹಳೇ ಖಾತೆಯಲ್ಲೇ ಉಳಿದುಬಿಡುವುದು ಬಹಳ ಸಾಮಾನ್ಯ.

ನೀವೇ ನೋಡಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು ಕೆ-ಲಿಸ್ಟ್ ಕೊಡಿ, ಮಧ್ಯೆ ಗೆರೆ ಇಲ್ಲದೆ ಒಂದೇ ಪದ. ಟಿಕೆಟ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಎಚ್‌ಟಿಟಿಪಿ, ಓರೆ ಗೆರೆ, ನಿಮ್ಮ ಹೊಸ ಸೈಟ್ ಹೆಸರು ಇದೆಯಾ? ಇದ್ದೂ ಡಬ್ಬಿ ಬರುತ್ತಿದ್ದರೆ ನಾನು ಹೇಳಿದ್ದೇ ಆಗಿರುವ ಸಾಧ್ಯತೆ ಜಾಸ್ತಿ.

ಗಂಗಾವತಿ ಸೋನಾ, ಗಂಗಾವತಿ

ಮೇಡಂ, ಇದನ್ನೇ ಹಿಡಿದು ನನ್ನದೊಂದು ಕೇಳುತ್ತೇನೆ. ನಮ್ಮ ರೈಸ್ ಮಿಲ್ ಲೆಕ್ಕದ ಕೆಲಸಕ್ಕೆ ಒಂದು ಗ್ರೂಪ್ ಕಂಪನಿಯ ಸೈಟ್ ಇದೆ, ಇದೇ ತರಹ ನೆಗೋಷಿಯೇಟ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಮತ್ತು ವಿಂಡೋಸ್ ಎರಡೂ ಇವೆ. ವಿಂಡೋಸ್‌ನಲ್ಲಿ ಸೈಟ್ ತೆರೆಯುತ್ತದೆ. ಉಬುಂಟುವಿನಲ್ಲಿ ಕರ್ಬರೋಸ್ ಟಿಕೆಟ್ ತರುವ ಕೆ-ಇನಿಟ್ ಕಮಾಂಡ್ ಕೊಟ್ಟರೆ "ಕ್ಲಾಕ್ ಸ್ಕ್ಯೂ ಟೂ ಗ್ರೇಟ್" ಅಂತ ಬೈಯುತ್ತದೆ. ಉಳಿದ ಸೈಟ್‌ಗಳೆಲ್ಲ ಚೆನ್ನಾಗಿ ತೆರೆಯುತ್ತವೆ.

ಕಿನ್ನಾಳ ಗೊಂಬೆ, ಕೊಪ್ಪಳ

ಗಡಿಯಾರ ಎಷ್ಟು ತಪ್ಪಿದೆ ನೋಡಿದ್ದೀರಾ?

ಗಂಗಾವತಿ ಸೋನಾ, ಗಂಗಾವತಿ

ಈಗ ನೋಡಿದೆ. ಗೋಡೆ ಗಡಿಯಾರದಲ್ಲಿ 11:20, ಲ್ಯಾಪ್‌ಟಾಪ್‌ನಲ್ಲಿ 4:50. ಸಂಜೆ ನಾಲ್ಕು ಐವತ್ತು! ಇದೆಂಥದು?

ಕಿನ್ನಾಳ ಗೊಂಬೆ, ಕೊಪ್ಪಳ

ಕಳೆದು ನೋಡಿ, ಸರಿಯಾಗಿ ಐದೂವರೆ ಗಂಟೆ. ಆ ಅಂಕಿ ಬಂತೆಂದರೆ ಕಳ್ಳ ಯಾರು ಅಂತ ಹುಡುಕಬೇಕಿಲ್ಲ. ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ಭಾರತದ ಸಮಯವನ್ನು ಬರೆದಿಡುತ್ತದೆ. ಉಬುಂಟು ಬಂದು ಅದನ್ನೇ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಅಂದುಕೊಂಡು ಅದಕ್ಕೆ ಇನ್ನೂ ಐದೂವರೆ ಗಂಟೆ ಸೇರಿಸುತ್ತದೆ. ಸಾಮಾನ್ಯವಾಗಿ ಇಂಟರ್ನೆಟ್‌ನಿಂದ ಸಮಯ ತಂದು ಸರಿ ಮಾಡಿಕೊಳ್ಳುತ್ತದೆ, ಆದರೆ ಎಷ್ಟೋ ಆಫೀಸ್‌ಗಳ ಫೈರ್‌ವಾಲ್ ಅದಕ್ಕೆ ಬೇಕಾದ 123ನೇ ಪೋರ್ಟ್ ಅನ್ನು ಮುಚ್ಚಿರುತ್ತದೆ.

ಕರ್ಬರೋಸ್‌ಗೆ ಸಮಯ ಮುಖ್ಯ. ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ನಿಮಿಷದ ವ್ಯತ್ಯಾಸ ಮಾತ್ರ ಒಪ್ಪುತ್ತದೆ. ಯಾರೋ ಹಳೇ ಟಿಕೆಟ್ ಕದ್ದು ಆಮೇಲೆ ತೋರಿಸಬಾರದು ಅಂತ ಈ ಕಟ್ಟುನಿಟ್ಟು. ಉಳಿದ ಸೈಟ್‌ಗಳಿಗೆ ಐದೂವರೆ ಗಂಟೆ ಲೆಕ್ಕಕ್ಕೇ ಇಲ್ಲ. ಅವು ನೋಡುವುದು ಸರ್ಟಿಫಿಕೇಟ್‌ನ ದಿನಾಂಕ, ಅದು ವಾರ ತಿಂಗಳ ಲೆಕ್ಕ. ಅದಕ್ಕೇ ಜಗತ್ತೆಲ್ಲ ತೆರೆಯುತ್ತದೆ, ಇದೊಂದು ತೆರೆಯುವುದಿಲ್ಲ.

ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕೊಟ್ಟು ಅದಕ್ಕೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಸೇರಿಸಿದರೆ ಉಬುಂಟು ವಿಂಡೋಸ್‌ನ ರೂಢಿಗೆ ಒಗ್ಗಿಕೊಳ್ಳುತ್ತದೆ. ಇಲ್ಲವೇ ವಿಂಡೋಸ್ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಇಸ್‌ಯುನಿವರ್ಸಲ್ ಅನ್ನುವುದನ್ನು 1 ಮಾಡಿ. ಎರಡರಲ್ಲಿ ಒಂದು ಸಾಕು, ಎರಡೂ ಮಾಡಿದರೆ ಈ ಸಲ ಇನ್ನೊಂದು ದಿಕ್ಕಿಗೆ ಐದೂವರೆ ತಪ್ಪುತ್ತದೆ. ಆಮೇಲೆ ಗಡಿಯಾರ ಒಮ್ಮೆ ಕೈಯಿಂದ ಸರಿ ಮಾಡಿ, ಕೆ-ಇನಿಟ್ ಮತ್ತೆ ಕೊಡಿ.

ಗಂಗಾವತಿ ಸೋನಾ, ಗಂಗಾವತಿ

ಕೆ-ಇನಿಟ್ ಒಪ್ಪಿತು ಮೇಡಂ, ಟಿಕೆಟ್ ಕಾಣುತ್ತಿದೆ. ಫೈರ್‌ಫಾಕ್ಸ್ ಮಾತ್ರ ಇನ್ನೂ ಕೇಳುತ್ತಿದೆ.

ಎಡದಂಡೆ ಕಾಲುವೆ, ಸಿಂಧನೂರು

ಫೈರ್‌ಫಾಕ್ಸ್ ಯಾರ ಪಟ್ಟಿಯನ್ನೂ ನೋಡುವುದಿಲ್ಲ, ತನ್ನದೇ ಇಟ್ಟುಕೊಂಡಿರುತ್ತದೆ. ವಿಳಾಸದ ಜಾಗದಲ್ಲಿ ಅಬೌಟ್ ಕಾನ್ಫಿಗ್ ತೆರೆದು ಟ್ರಸ್ಟೆಡ್-ಯುಆರ್‌ಐಸ್ ಅಂತ ಹುಡುಕಿ. ನೆಗೋಷಿಯೇಟ್-ಆಥ್ ಅಂತ ಇರುವ ಸಾಲಿನಲ್ಲಿ ನಿಮ್ಮ ಸೈಟ್ ಹೆಸರು ಹಾಕಿ. ಒಂದಕ್ಕಿಂತ ಜಾಸ್ತಿ ಇದ್ದರೆ ಮಧ್ಯೆ ಕಾಮಾ.

ಇಷ್ಟಾದರೂ ಆಗದಿದ್ದರೆ ಸ್ನ್ಯಾಪ್ ಮೇಲೆ ಅನುಮಾನಪಡಿ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ ಬರುತ್ತದೆ, ಅಂದರೆ ಉಳಿದ ಸಿಸ್ಟಂನಿಂದ ಬೇರ್ಪಡಿಸಿ ಇಟ್ಟ ಪ್ಯಾಕೇಜ್. ಟಿಕೆಟ್ ಸಾಮಾನ್ಯವಾಗಿ ಟಿಎಂಪಿ ಫೋಲ್ಡರ್‌ನಲ್ಲಿ ಕೂತಿರುತ್ತದೆ, ಸ್ನ್ಯಾಪ್‌ಗೆ ಅದರದ್ದೇ ಬೇರೆ ಟಿಎಂಪಿ. ನಿಮ್ಮ ಟಿಕೆಟ್ ಅದಕ್ಕೆ ಕಾಣದೇ ಇರಬಹುದು. ಮೊಜಿಲ್ಲಾದವರೇ ಕೊಡುವ ಡೆಬ್ (ಉಬುಂಟುವಿನ ಮಾಮೂಲಿ ಪ್ಯಾಕೇಜ್) ಫೈರ್‌ಫಾಕ್ಸ್ ಹಾಕಿಕೊಂಡರೆ ಈ ರಗಳೆ ಇಲ್ಲ.

ಒಗ್ಗರಣೆ ಮಿರ್ಚಿ, ಬಳ್ಳಾರಿ

ಇಷ್ಟೆಲ್ಲ ಯಾಕೆ? ಆ ಪಟ್ಟಿಯಲ್ಲಿ ಒಂದು ಸ್ಟಾರ್ ಹಾಕಿದರೆ ಎಲ್ಲ ಸೈಟ್‌ಗೂ ತಾನೇ ಗುರುತು ಹೋಗುತ್ತದಂತೆ, ಒಂದೇ ಏಟಿಗೆ ಮುಗಿಯಿತು. ಯೂಟ್ಯೂಬ್‌ನಲ್ಲಿ ನೋಡಿದೆ.

ಎಡದಂಡೆ ಕಾಲುವೆ, ಸಿಂಧನೂರು

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸ್ಟಾರ್ ಹಾಕಿದರೆ ಕೇಳಿದ ಪ್ರತಿ ಸೈಟ್‌ಗೂ ನಿಮ್ಮ ಬ್ರೌಸರ್ ಎನ್‌ಟಿಎಲ್‌ಎಂ ಉತ್ತರ ಕಳಿಸಿಬಿಡಬಹುದು. ಅದರಲ್ಲಿ ಪಾಸ್‌ವರ್ಡ್ ನೇರವಾಗಿ ಇರುವುದಿಲ್ಲ, ನಿಜ. ಆದರೆ ಆ ಉತ್ತರ ಇಟ್ಟುಕೊಂಡವನು ತನ್ನ ಮನೆಯಲ್ಲಿ ಆರಾಮಾಗಿ ಕೂತು ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡಬಹುದು. ಅವನಿಗೆ ಖಾತೆ ಲಾಕ್ ಆಗುವ ಭಯವೂ ಇಲ್ಲ. ಊರ ಹೆಸರು, ಮುಂದೆ ಅಟ್ ಚಿಹ್ನೆ, ಆಮೇಲೆ 123, ಇಂಥ ಪಾಸ್‌ವರ್ಡ್ ಎಷ್ಟು ಹೊತ್ತು ನಿಲ್ಲುತ್ತದೆ? ಕ್ರೋಮ್‌ನಲ್ಲಿ ಆಥ್‌ಸರ್ವರ್‌ಅಲೋಲಿಸ್ಟ್ ಅನ್ನುವ ಪಾಲಿಸಿಗೂ ಇದೇ ಮಾತು. ಸೈಟ್ ಹೆಸರು ಹಾಕಿ, ಜಾಸ್ತಿ ಅಂದರೆ ನಿಮ್ಮ ಕಂಪನಿಯ ಡೊಮೇನ್ ಹಾಕಿ, ಅಲ್ಲಿಗೆ ನಿಲ್ಲಿಸಿ.

ಎನ್‌ಟಿಎಲ್‌ಎಂನ ಕಾಲವೂ ಮುಗಿಯುತ್ತಾ ಬಂದಿದೆ. ಮೈಕ್ರೋಸಾಫ್ಟ್ 2024ರಲ್ಲಿ ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿದೆ, ವಿಂಡೋಸ್ 11ರ 24ಎಚ್2 ಅನ್ನುವ ಅಪ್‌ಡೇಟ್‌ನಲ್ಲಿ ಎನ್‌ಟಿಎಲ್‌ಎಂನ ಮೊದಲ ಆವೃತ್ತಿಯನ್ನು ತೆಗೆದೇ ಹಾಕಿದೆ. ಎಸ್‌ಪಿಎನ್ ಬರೆಯದೆ ಎನ್‌ಟಿಎಲ್‌ಎಂ ಮೇಲೆ ತಳ್ಳಿಕೊಂಡು ಹೋಗುತ್ತಿರುವ ಸೈಟ್‌ಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ. ಅವೆಲ್ಲ ಒಂದು ದಿನ ಡಬ್ಬಿ ತೋರಿಸಲು ಶುರುಮಾಡುತ್ತವೆ.

ಕೋಟೆಗುಡ್ಡ, ಬಳ್ಳಾರಿ

ಬಂದೆ. ಅಣ್ಣ ಹೇಳಿದ ಹಾಗೆ ಇಂಟ್ರಾನೆಟ್ ಪಟ್ಟಿ ನೋಡಿದರೆ ಬಟನ್‌ಗಳೆಲ್ಲ ಬೂದು. ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹಳೇ ಸರ್ವರ್ ಹೆಸರಿನಲ್ಲಿ ಒಂದು ಇತ್ತು, ತೆಗೆದೆ. ಡೊಮೇನ್, ಬ್ಯಾಕ್‌ಸ್ಲ್ಯಾಶ್ ಹಾಕಿಯೂ ಆಗಲಿಲ್ಲ. ಅಕ್ಕ ಹೇಳಿದ ಕೆ-ಲಿಸ್ಟ್ ಕೊಟ್ಟರೆ ಎಚ್‌ಟಿಟಿಪಿ ಮುಂದೆ ಹೊಸ ಹೆಸರು ಇದೆ! ಟಿಕೆಟ್ ಇದ್ದೂ ಡಬ್ಬಿ ಬರುತ್ತಿದೆ. ಈಗ ಐಟಿಯವರಿಗೆ ಹೇಗೆ ಬರೆಯಲಿ? ಲಾಗಿನ್ ಆಗುತ್ತಿಲ್ಲ ಅಂದರೆ ಮತ್ತೆ ಕ್ಯಾಶ್ ಅನ್ನುತ್ತಾರೆ.

ಕಿನ್ನಾಳ ಗೊಂಬೆ, ಕೊಪ್ಪಳ

ಹೀಗೆ ಬರೆಯಿರಿ, ಬೇಕಾದರೆ ಇದನ್ನೇ ನಕಲು ಮಾಡಿ:

"ಹೊಸ ವಿಳಾಸದಲ್ಲಿ 401 ಬರುತ್ತಿದೆ, ಹಳೇ ವಿಳಾಸದಲ್ಲಿ ಬರುತ್ತಿಲ್ಲ. ಸರ್ವರ್ ನೆಗೋಷಿಯೇಟ್ ಮತ್ತು ಎನ್‌ಟಿಎಲ್‌ಎಂ ಎರಡನ್ನೂ ಕೇಳುತ್ತಿದೆ. ಕೆ-ಲಿಸ್ಟ್‌ನಲ್ಲಿ ಹೊಸ ಹೆಸರಿಗೆ ಎಚ್‌ಟಿಟಿಪಿ ಟಿಕೆಟ್ ಸಿಕ್ಕಿದೆ, ಆದರೂ ಸರ್ವರ್ ಒಪ್ಪುತ್ತಿಲ್ಲ. ಈ ಎಸ್‌ಪಿಎನ್ ಯಾವ ಖಾತೆಯ ಮೇಲಿದೆ, ಅದೂ ಸೈಟ್ ಓಡುತ್ತಿರುವ ಆಪ್ ಪೂಲ್ ಖಾತೆಯೂ ಒಂದೇನಾ ಪರಿಶೀಲಿಸಿ. ಹೊಸ ವಿಳಾಸವನ್ನು ಇಂಟ್ರಾನೆಟ್ ಪಾಲಿಸಿಗೆ ಸೇರಿಸಿ."

ಜೊತೆಗೆ ಎಫ್12 ಪರದೆಯ ಚಿತ್ರ, ಕೆ-ಲಿಸ್ಟ್ ಪರದೆಯ ಚಿತ್ರ, ಎಷ್ಟು ಗಂಟೆಗೆ ಪ್ರಯತ್ನಿಸಿದಿರಿ ಅನ್ನುವುದು. ಸಮಯ ಕೊಟ್ಟರೆ ಅವರು ಸರ್ವರ್ ಲಾಗ್‌ನಲ್ಲಿ ನಿಮ್ಮ ಸಾಲನ್ನು ಹುಡುಕಬಹುದು. ಇಷ್ಟು ಬರೆದರೆ ದೂರು ಮೊದಲು ಎತ್ತಿಕೊಳ್ಳುವ ಹುಡುಗನ ಟೇಬಲ್ ದಾಟಿ ಸರ್ವರ್ ನೋಡುವವರ ಹತ್ತಿರ ಹೋಗುತ್ತದೆ. ಅದೇ ನಮಗೆ ಬೇಕಾದ್ದು.

ಕೋಟೆಗುಡ್ಡ, ಬಳ್ಳಾರಿ

ಅಕ್ಕಾ, ಬರೆದ ಮಧ್ಯಾಹ್ನವೇ ಫೋನ್ ಬಂತು, ಅದೂ ಸರ್ವರ್ ಟೀಮ್‌ನಿಂದ. ಹೆಸರು ಹಳೇ ಸರ್ವರ್‌ನ ಖಾತೆಯ ಮೇಲೇ ಉಳಿದಿತ್ತಂತೆ. ಬದಲಿಸಿದರು, ಲಾಗ್ ಆಫ್ ಮಾಡಿ ಬನ್ನಿ ಅಂದರು, ಬಂದೆ, ಡಬ್ಬಿ ಇಲ್ಲದೆ ತೆರೆಯಿತು. ಪಾಲಿಸಿಗೂ ಸೇರಿಸಿದ್ದಾರೆ. ಬಿಲ್ ಹಾಕಿದೆ.

ಒಂದೇ ಉಳಿದಿದೆ. ಮನೆಯಿಂದ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಹಾಕಿಕೊಂಡು ಹೋದರೆ ಇನ್ನೂ ಕೇಳುತ್ತದೆ. ವಿಪಿಎನ್‌ಗೆ ಬೇರೆ ಯೂಸರ್‌ನೇಮ್ ಕೊಟ್ಟಿದ್ದಾರೆ.

ಎಡದಂಡೆ ಕಾಲುವೆ, ಸಿಂಧನೂರು

ಸ್ವಂತ ಲ್ಯಾಪ್‌ಟಾಪ್ ಅಂದರೆ ಡೊಮೇನ್‌ನಲ್ಲಿ ಇಲ್ಲ, ಬೆಳಗಿನ ಟಿಕೆಟ್ ಇರುವುದಿಲ್ಲ. ಅಲ್ಲಿ ಒಂದು ಸಲ ಕೇಳುವುದು ಸಹಜ. ಡೊಮೇನ್, ಬ್ಯಾಕ್‌ಸ್ಲ್ಯಾಶ್ ಹಾಕಿ ಕೊಡಿ, ಒಪ್ಪಬೇಕು.

ಒಪ್ಪದೆ ತಿರುಗಿ ತಿರುಗಿ ಕೇಳಿದರೆ, ಮತ್ತು ವಿಪಿಎನ್ ವಿಂಡೋಸ್‌ನ ಒಳಗಿನದೇ ಆಗಿದ್ದರೆ, ಇದನ್ನು ನೋಡಿ. ವಿಪಿಎನ್ ಕನೆಕ್ಟ್ ಆದಮೇಲೆ ವಿಂಡೋಸ್ ಆ ವಿಪಿಎನ್ ಯೂಸರ್‌ನೇಮ್ ಅನ್ನೇ ಒಳಗಿನ ಎಲ್ಲ ಸರ್ವರ್‌ಗಳಿಗೂ ತೋರಿಸಲು ಹೋಗುತ್ತದೆ. ನಿಮ್ಮ ಸೈಟ್‌ಗೆ ಆ ಹೆಸರು ಗೊತ್ತೇ ಇಲ್ಲ. ರಾಸ್‌ಫೋನ್ ಡಾಟ್ ಪಿಬಿಕೆ ಅಂತ ಒಂದು ಫೈಲ್ ಇದೆ, ಆಪ್‌ಡೇಟಾದ ರೋಮಿಂಗ್, ಮೈಕ್ರೋಸಾಫ್ಟ್, ನೆಟ್‌ವರ್ಕ್, ಕನೆಕ್ಷನ್ಸ್, ಪಿಬಿಕೆ ಫೋಲ್ಡರ್ ಒಳಗೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಯೂಸ್‌ರಾಸ್‌ಕ್ರೆಡೆನ್ಶಿಯಲ್ಸ್ ಅನ್ನುವ ಸಾಲಿನಲ್ಲಿ 1 ಇರುವುದನ್ನು 0 ಮಾಡಿ ಸೇವ್ ಮಾಡಿ. ಮೊದಲು ಫೈಲ್‌ನ ಒಂದು ನಕಲು ಇಟ್ಟುಕೊಳ್ಳಿ. ವಿಪಿಎನ್ ಕಡಿದು ಮತ್ತೆ ಹಾಕಿ.

ಹಾಂ, ಕ್ರೋಮ್‌ನ ಇನ್‌ಕಾಗ್ನಿಟೊದಲ್ಲಿ ಪರೀಕ್ಷೆ ಮಾಡಬೇಡಿ. 81ನೇ ಆವೃತ್ತಿಯಿಂದ ಅಲ್ಲಿ ಗುರುತು ತಾನಾಗಿ ಹೋಗುವುದು ನಿಂತಿದೆ, ಎಲ್ಲ ಸರಿ ಇದ್ದರೂ ಡಬ್ಬಿ ಬಂದೇ ಬರುತ್ತದೆ.

ಕೋಟೆಗುಡ್ಡ, ಬಳ್ಳಾರಿ

0 ಮಾಡಿದ ಮೇಲೆ ಒಂದೇ ಸಲ ಕೇಳಿತು, ಕೊಟ್ಟೆ, ಒಳಗೆ ಬಿಟ್ಟಿತು. ಇನ್‌ಕಾಗ್ನಿಟೊದಲ್ಲಿ ಹೋಗುತ್ತಿದ್ದದ್ದು ನಿಜ, ಐಟಿಯವರೇ ಅದರಲ್ಲಿ ನೋಡಿ ಅಂದಿದ್ದರು.